ಶಾಲೆಯ ಗುಂಪಿಗೆ ಈ ವಾರದ ಸುದ್ದಿ

ಎಲ್ಲರಿಗೂ ನಮಸ್ಕಾರ. ನಮ್ಮ ಪ್ರೌಢಶಾಲೆಯ ಲೈಬ್ರರಿ ಮತ್ತೆ ತೆರೆದಿದೆ. ಮಕ್ಕಳು ಪುಸ್ತಕವನ್ನು ಮನೆಗೂ ಒಯ್ಯಬಹುದು.

ಮುಖ್ಯ ವಿಷಯ ಬೇರೆ. ಹಿಂದಿನ ಬೆಂಚಿನ ಕೆಲವು ಮಕ್ಕಳು ಬೋರ್ಡ್ ಬಿಟ್ಟು ಪಕ್ಕದವರ ನೋಟ್ಸ್ ನೋಡಿ ಬರೆಯುತ್ತಿದ್ದಾರೆ. ಸೋಮಾರಿತನ ಅಂತ ಬೈಯಬೇಡಿ. ದೂರದ್ದು ಮಸುಕಾಗಿ ಕಾಣುವ ತೊಂದರೆ ಈ ವಯಸ್ಸಿನಲ್ಲಿ ಜಾಸ್ತಿಯಾಗುವುದುಂಟು. ಎಲ್ಲರಿಗೂ ಹೀಗೇ ಕಾಣುತ್ತದೆ ಅಂದುಕೊಂಡು ಮಗು ಸುಮ್ನೆ ಇರುತ್ತದೆ, ಪಾಪ. ಕಣ್ಣು ಕಿರಿದು ಮಾಡಿ ನೋಡುತ್ತಿದ್ದರೆ, ಪದೇ ಪದೇ ತಲೆನೋವು ಅಂದರೆ, ದಯವಿಟ್ಟು ಒಮ್ಮೆ ಪರೀಕ್ಷೆ ಮಾಡಿಸಿ. ಕನ್ನಡಕ ಹಾಕಿದರೆ ಕಣ್ಣು ಇನ್ನೂ ಹಾಳಾಗುತ್ತದೆ ಅನ್ನುವುದು ಸುಳ್ಳು. ಅಲ್ಲಿಯವರೆಗೆ ತರಗತಿ ಶಿಕ್ಷಕರಿಗೆ ಹೇಳಿ, ಮುಂದಿನ ಬೆಂಚಿನಲ್ಲಿ ಕೂರಿಸುತ್ತೇವೆ.

10ನೇ ತರಗತಿಯ ಸಂಜೆ ಓದು ಸೋಮವಾರದಿಂದ ಶುರು. ದೂರದಿಂದ ನಡೆದು ಬರುವವರನ್ನು ಕತ್ತಲಾಗುವ ಮೊದಲೇ ಕಳಿಸುತ್ತೇವೆ.