ಹೊಸ ಚಾಕುವನ್ನು ಬೈಯುವ ಮೊದಲು ಮಸೆದು ನೋಡಿ

ಮಾನ್ಯರೇ,

ನಮ್ಮ ತೀರ್ಥಹಳ್ಳಿ, ಹೊಸನಗರ ಕಡೆ ತೋಟಕ್ಕೆ ಹೋಗುವವರ ಜೇಬಿನಲ್ಲಿ ಈಗ ಒಂದು ಮಡಚುವ ಚಾಕು ಇದ್ದೇ ಇರುತ್ತದೆ. ಗೊಬ್ಬರದ ಚೀಲ ಬಿಚ್ಚುವುದಕ್ಕೆ, ಮೆಣಸಿನ ಬಳ್ಳಿಯ ದಾರ ಕೊಯ್ಯುವುದಕ್ಕೆ, ಮಳೆಗಾಲ ಬಂದರೆ ಕಸಿ ಕಟ್ಟುವುದಕ್ಕೆ. ಆನ್‌ಲೈನಿನಲ್ಲಿ ತರಿಸಿದವರ ದೂರು ಮಾತ್ರ ಒಂದೇ: ದುಡ್ಡು ದಂಡ, ಟೊಮೆಟೊ ಸಿಪ್ಪೆಯೂ ಹರಿಯುವುದಿಲ್ಲ.

ಕೆಟ್ಟ ಚಾಕುಗಳೂ ಇವೆ, ಇಲ್ಲ ಅನ್ನುವುದಿಲ್ಲ. ಆದರೆ ಎಷ್ಟೋ ಸಲ ಉಕ್ಕು ಚೆನ್ನಾಗಿಯೇ ಇರುತ್ತದೆ, ಕಾರ್ಖಾನೆಯಲ್ಲಿ ಹಾಕಿದ ಬಾಯಿ ಸರಿ ಇರುವುದಿಲ್ಲ. ಅಲ್ಲಿ ಜೋರಾಗಿ ಓಡುವ ಸಾಣೆ ಬೆಲ್ಟಿಗೆ ಒತ್ತಿ ಬೇಗ ಬೇಗ ಮುಗಿಸುವ ಕೆಲಸ, ಹಾಗಾಗಿ ಒಂದು ಮಗ್ಗುಲಿನ ಓರೆ ಹೆಚ್ಚು, ಇನ್ನೊಂದರದ್ದು ಕಮ್ಮಿ ಆಗಿರುತ್ತದೆ. ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಎಳೆಯೊಂದು ಉಳಿದುಬಿಡುತ್ತದೆ. ಮೊದಲ ದಿನ ಅದೇ ಹರಿತ ಅನ್ನಿಸುತ್ತದೆ, ನಾಲ್ಕು ಹಗ್ಗ ಕೊಯ್ಯುವಷ್ಟರಲ್ಲಿ ಬಗ್ಗಿ ಹೋಗುತ್ತದೆ. ಬೆಲ್ಟಿನ ಬಿಸಿಗೆ ಅಂಚಿನ ಹದವೂ ಸ್ವಲ್ಪ ಹೋಗಿರಬಹುದು. ಎರಡು ಮೂರು ಸಲ ಕಲ್ಲಿಗೆ ಹಿಡಿದ ಮೇಲೆ ಒಳಗಿನ ಒಳ್ಳೆ ಉಕ್ಕು ಸಿಗುತ್ತದೆ. ಕುಲುಮೆಯಿಂದ ತಂದ ಕತ್ತಿಯನ್ನು ಮಸೆಯದೆ ತೋಟಕ್ಕೆ ಒಯ್ಯದ ನಾವು, ಡಬ್ಬಿಯಲ್ಲಿ ಬಂದ ಚಾಕು ಮಾತ್ರ ತಯಾರಾಗಿಯೇ ಬರಬೇಕು ಅಂದುಕೊಳ್ಳುವುದು ಯಾಕೋ!

ಕೆಲಸ ದೊಡ್ಡದೇನಲ್ಲ. ಅಂಚಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು ಕಲ್ಲಿನ ಮೇಲೆ ಒಂದೆರಡು ಸಲ ಎಳೆಯಿರಿ. ಮಸಿ ತುದಿಯವರೆಗೂ ಅಳಿಸಿದರೆ ಓರೆ ಸರಿ ಹಿಡಿದಿದ್ದೀರಿ, ಮೇಲೆ ಮಾತ್ರ ಅಳಿಸಿದರೆ ಚಾಕುವಿನ ಬೆನ್ನನ್ನು ಇನ್ನಷ್ಟು ಎತ್ತಬೇಕು. ಸ್ವಿಸ್ ಚಾಕು ಕಂಪನಿ ವಿಕ್ಟೋರಿನಾಕ್ಸ್‌ನವರು ತಮ್ಮ ಚಾಕುಗಳಿಗೆ ಹೇಳುವ ಓರೆ, ಅಂದರೆ ಕಲ್ಲಿಗೂ ಚಾಕುವಿಗೂ ನಡುವಿನ ಕೋನ, ಒಂದೊಂದು ಮಗ್ಗುಲಿಗೆ 15ರಿಂದ 20 ಡಿಗ್ರಿ. ಕಾಗದದ ಮೂಲೆಯನ್ನು ಎರಡು ಸಲ ಸಮನಾಗಿ ಮಡಚಿದರೆ 22.5 ಡಿಗ್ರಿ ಬರುತ್ತದೆ, ಅದಕ್ಕಿಂತ ಚೂರು ತಗ್ಗಿಸಿ ಹಿಡಿದರೆ ಸಾಕು. 1000 ಗ್ರಿಟ್ ಕಲ್ಲು (ಗ್ರಿಟ್ ಅಂದರೆ ಕಲ್ಲಿನ ನುಣುಪಿನ ಅಳತೆ), ನೀರು, ಕೊನೆಗೆ ಹಳೇ ಚರ್ಮದ ಬೆಲ್ಟಿನ ಮೇಲೆ ಚಾಕುವಿನ ಬೆನ್ನು ಮುಂದಾಗಿ ನಾಲ್ಕೆಳೆತ. ಕಸಿ ಚಾಕುಗಳಲ್ಲಿ ಹಲವಕ್ಕೆ ಒಂದೇ ಕಡೆ ಓರೆ ಇರುತ್ತದೆ. ಅಂಥದ್ದನ್ನು ಆ ಕಡೆ ಮಾತ್ರ ಮಸೆಯಬೇಕು, ಇನ್ನೊಂದು ಕಡೆ ಕಲ್ಲಿಗೆ ಚಪ್ಪಟೆಯಾಗಿ ಇಟ್ಟು ಎಳೆ ತೆಗೆದರಾಯಿತು. ಎರಡೂ ಕಡೆ ಓರೆ ಮಾಡಿಬಿಟ್ಟರೆ ಕಡ್ಡಿಯ ಕೊಯ್ತ ಸಪಾಟಾಗಿ ಬರುವುದು ಕಷ್ಟ, ಕಸಿ ಕೂಡುವುದೂ ಕಷ್ಟ.

ಮೋಟಾರ್ ಸಾಣೆಗೆ ಮಾತ್ರ ಕೊಡಬೇಡಿ. ದಪ್ಪ ಕತ್ತಿ ತಡೆದುಕೊಳ್ಳುತ್ತದೆ, ತೆಳು ಚಾಕು ಕ್ಷಣದಲ್ಲಿ ಕಾಯುತ್ತದೆ. ಕಾರ್ಬನ್ ಉಕ್ಕಿನ ಅಂಚು ನೀಲಿಗೆ ತಿರುಗಿತು ಅಂದರೆ ಬಿಸಿ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ ಅಂತಲೇ ಲೆಕ್ಕ. ಆ ಭಾಗ ಮತ್ತೆ ಹರಿತ ಹಿಡಿದು ನಿಲ್ಲುವುದಿಲ್ಲ, ಸವೆಸಿ ತೆಗೆಯಬೇಕಷ್ಟೆ.

ಚಾಕು ಮಾರುವ ಅಂಗಡಿಯವರು ಜೊತೆಗೊಂದು ಕಲ್ಲನ್ನೂ ಇಟ್ಟು, ಹಿಡಿಯುವ ರೀತಿ ತೋರಿಸಿ ಕಳಿಸಬಹುದಲ್ವಾ? ಕಸಿ ತರಬೇತಿ ನಡೆಸುವವರೂ, ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯವೂ ಸೇರಿ, ಮೊದಲ ಒಂದು ಗಂಟೆಯನ್ನು ಚಾಕು ಮಸೆಯುವುದಕ್ಕೇ ಇಡಲಿ ಎಂದು ನನ್ನ ಕೋರಿಕೆ.

— ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ