ಕಕ್ಕಡದ ಸಭೆಗೆ ಬಾ

ವಿರಾಜಪೇಟೆ, ಜೂನ್

ಪ್ರೀತಿಯ ತಮ್ಮ,

ನಿನ್ನ ಪತ್ರವೂ ಜೊತೆಗಿದ್ದ ಕಥೆಯೂ ತಲುಪಿದವು. ನಮ್ಮ ಬರಹಗಾರರ ಬಳಗಕ್ಕೆ ಸೇರಿದರೆ ಏನು ಪ್ರಯೋಜನವೆಂದು ಕೇಳಿದ್ದೀಯ. ಕಥೆ ಅಚ್ಚಾಗುತ್ತದೆಂದು ನಾನು ಭರವಸೆ ಕೊಡಲಾರೆ; ನೀನು ಬರೆದ ಬದುಕನ್ನು ಬಲ್ಲವರ ಎದುರಿಗೇ ಅದನ್ನು ಗಟ್ಟಿಯಾಗಿ ಓದಬೇಕಾಗುತ್ತದೆ, ಅದಕ್ಕಿಂತ ದೊಡ್ಡ ಪಾಠವನ್ನು ನಾನು ಕಂಡಿಲ್ಲ.

ನಮ್ಮ ಸಭೆಗಳು ಕಳೆಗಟ್ಟುವುದು ಮಳೆಗಾಲದಲ್ಲಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವರ ಕಕ್ಕಡ ತಿಂಗಳಲ್ಲಿ ಮದುವೆ ಮುಂತಾದ ಶುಭಕಾರ್ಯಗಳು ಇರುವುದಿಲ್ಲ. ನಾಟಿಯ ಕೆಲಸವಿದ್ದವರೂ ಭಾನುವಾರ ಮಧ್ಯಾಹ್ನ ಬಿಡುವು ಮಾಡಿಕೊಂಡು ಬರುತ್ತಾರೆ. ಆ ತಿಂಗಳ ಹದಿನೆಂಟನೆಯ ದಿನವಾದ ಕಕ್ಕಡ ಹದಿನೆಂಟರ ಆಸುಪಾಸಿನಲ್ಲಿ ಯಾರಾದರೊಬ್ಬರು ಮದ್ದುಸೊಪ್ಪಿನ ಪಾಯಸ ತರುವುದುಂಟು. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ ಆಡುವವರೆಲ್ಲ ಒಂದೇ ಬೆಂಚಿನಲ್ಲಿ ಕುಳಿತು ಕನ್ನಡದ ಕಥೆಗೆ ಕಿವಿಗೊಡುತ್ತಾರೆ. ಪಾತ್ರ ಆಡಿದ ಮಾತು ಸುಳ್ಳೆನಿಸಿದರೆ ಅಲ್ಲಿಯೇ ತಡೆಯುತ್ತಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ನಮ್ಮ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಜನರು ಮನೆಮಾರು ಕಳೆದುಕೊಂಡ ಮೇಲಂತೂ, ಮಳೆಯನ್ನು ಬರಿಯ ಸೊಬಗೆಂದು ವರ್ಣಿಸಿದ ಬರಹ ಅವರ ಮುಂದೆ ನಿಲ್ಲುವುದಿಲ್ಲ.

ನಿನ್ನ ಕಥೆಯ ಬಗ್ಗೆ ನನಗಿರುವ ತಕರಾರೂ ಇದೇ ಬಗೆಯದು. ಅದರಲ್ಲಿ ಹೆಂಗಸರು ಹಾಡುತ್ತ ಕಾಫಿ ಹಣ್ಣು ಕೊಯ್ಯುತ್ತಾರೆ, ಸಂಜೆ ನಗುತ್ತ ತೋಟದ ಕೆಲಸಗಾರರ ಲೈನ್‌ಮನೆಗೆ ಮರಳುತ್ತಾರೆ. ಈ ಎರಡರ ನಡುವೆ ತೂಕ ನಡೆಯುತ್ತದೆಯಲ್ಲ, ಅದೆಲ್ಲಿ? ಚೀಲವನ್ನು ತಕ್ಕಡಿಗೆ ಏರಿಸಿದಾಗ ಎಷ್ಟು ಕಿಲೋ ಬಂತೆಂದು ಕತ್ತು ಚಾಚಿ ನೋಡುವುದು, ಹಸಿರು ಕಾಯಿ ಬೆರೆತಿದೆಯೆಂದು ತೋಟದ ಲೆಕ್ಕ ಬರೆಯುವ ರೈಟರು ಗದರುವುದು, ಪಕ್ಕದವಳ ಚೀಲ ಹೆಚ್ಚು ತೂಗಿದಾಗ ಇವಳು ಸುಮ್ಮನಾಗುವುದು, ಇವೆಲ್ಲ ಕಥೆಗೆ ಬರಬೇಕು. ಆದ್ದರಿಂದ ಕೊಯ್ಲಿನ ತಿಂಗಳುಗಳಲ್ಲಿ ಸಭೆ ಸೇರುವುದಿಲ್ಲವೆಂದು ಬೇಸರಪಡಬೇಡ. ನವೆಂಬರ್‌ನಿಂದ ಅರೇಬಿಕಾ, ಅದರ ಹಿಂದೆಯೇ ರೋಬಸ್ಟಾ ಕಾಫಿಯ ಕೊಯ್ಲು. ಹಣ್ಣು ಕಣದಲ್ಲಿ ಒಣಗುವವರೆಗೆ ನಮ್ಮವರಲ್ಲಿ ಹೆಚ್ಚಿನವರಿಗೆ ಪುರುಸೊತ್ತಿರುವುದಿಲ್ಲ. ಆಗ ಕಣದ ಬದಿಯಲ್ಲಿ ನಿಂತು ನೋಡು, ಕೇಳು, ಟಿಪ್ಪಣಿ ಬರೆದಿಡು.

ಸುಗ್ಗಿಯ ಹಬ್ಬವಾದ ಪುತ್ತರಿಯ ದಿನಗಳಲ್ಲಿ ದುಡಿಯೆಂಬ ಪುಟ್ಟ ಚರ್ಮವಾದ್ಯ ಹಿಡಿದು ಹಾಡುವ ಹಿರಿಯರ ಬಳಿ ಕುಳಿತುಕೋ. ನಡಿಕೇರಿಯಂಡ ಚಿಣ್ಣಪ್ಪನವರು ಇಂಥ ಹಾಡುಗಳನ್ನೂ ಗಾದೆಗಳನ್ನೂ ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿದರು, ಕೊಡವ ತಕ್ಕಿನ ಆ ಹಾಡುಗಳು ಕನ್ನಡ ಲಿಪಿಯಲ್ಲಿ ಉಳಿದವು. ಕೇಳಿಸಿಕೊಳ್ಳುವ ತಾಳ್ಮೆ ಇಲ್ಲದವರಿಂದ ಅಂಥ ಕೆಲಸ ಆಗುತ್ತಿರಲಿಲ್ಲ.

ಕಾಫಿ ಗಿಡಗಳನ್ನು ಅರಳಿಸುವ ಹೂಮಳೆಯ ಹೊತ್ತಿಗೆ, ಅಂದರೆ ಮಾರ್ಚ್ ಏಪ್ರಿಲ್‌ನಲ್ಲಿ, ಎಲ್ಲರೂ ಕವಿತೆ ತರುತ್ತಾರೆ. ಕಾಫಿ ಹೂವಿನ ಪರಿಮಳದ ಮೇಲೆ ನೀನೂ ಬರೆ, ಬೇಡವೆನ್ನುವುದಿಲ್ಲ. ಮಳೆ ಬಾರದೆ ಹೊಳೆಯ ನೀರನ್ನು ಸ್ಪ್ರಿಂಕ್ಲರ್‌ಗೆ ಹಾಯಿಸಲು ರಾತ್ರಿಯೆಲ್ಲ ಪಂಪಿನ ಬಳಿ ಕಾಯುವವನನ್ನು ಮಾತ್ರ ಮರೆಯಬೇಡ.

ಕಕ್ಕಡದ ಮೊದಲ ಸಭೆಗೆ ತೂಕದ ಭಾಗವನ್ನು ಸೇರಿಸಿ ಬರೆದ ಕಥೆಯನ್ನು ತೆಗೆದುಕೊಂಡು ಬಾ. ಅಕ್ಷರಗಳು ದೊಡ್ಡದಾಗಿರಲಿ, ಮಳೆಗೆ ಕರೆಂಟು ಹೋದರೂ ಓದು ನಿಲ್ಲಿಸುವ ಪದ್ಧತಿ ನಮ್ಮಲ್ಲಿಲ್ಲ.

ನಿನ್ನ ಹಿತೈಷಿ