ಅಪ್ಪನ ಡಬ್ಬಿಯ ನಾಣ್ಯಗಳಿಗೆ ಹುಣಸೆಹಣ್ಣು ಬೇಡ

ಮಾನ್ಯ ಸಂಪಾದಕರೇ,

ಕೊಡಗಿನಲ್ಲಿ ಮಿಲಿಟರಿ ಟ್ರಂಕ್ ಇಲ್ಲದ ಅಟ್ಟ ಕಡಿಮೆ. ನಮ್ಮ ಮನೆಯ ಟ್ರಂಕ್ ಹೋದ ಮಳೆಗಾಲದಲ್ಲಿ ಹೆಂಚು ಸೋರಿದಾಗ ಕೆಳಗಿಳಿಯಿತು. ಅದರೊಳಗಿನ ಓವಲ್ಟಿನ್ ಡಬ್ಬಿಯಲ್ಲಿ 27 ವಿದೇಶಿ ನಾಣ್ಯಗಳಿದ್ದವು. ಎರಡನೇ ಮಹಾಯುದ್ಧದಲ್ಲಿ ಅಪ್ಪ 8ನೇ ಇಂಡಿಯನ್ ಡಿವಿಷನ್‌ನಲ್ಲಿ ಲಾರಿ ಓಡಿಸುತ್ತಿದ್ದರು. ಯುದ್ಧದ ಮಾತೆತ್ತಿದರೆ "ಧೂಳು, ಆಮೇಲೆ ಕೆಸರು" ಎಂದಷ್ಟೇ ಹೇಳಿ ಕಾಫಿ ಕಣಕ್ಕೆ ಎದ್ದು ಹೋಗುತ್ತಿದ್ದರು.

ಮೊದಲ ತಪ್ಪು ನನ್ನದೇ. ದೀಪದ ಕಂಬ ಬೆಳಗುವವಳ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ಮೂರು ನಾಣ್ಯ ತಿಕ್ಕಿದೆ. ಫಳಫಳ ಹೊಳೆದವು. ಪರಿಚಯದ ಸಂಗ್ರಾಹಕರೊಬ್ಬರು ನೋಡಿ, "ಮೇಡಂ, ಎಂಬತ್ತು ವರ್ಷದ ಮೈಬಣ್ಣ ತೊಳೆದುಬಿಟ್ಟಿರಲ್ಲ" ಎಂದು ಸುಮ್ಮನಾದರು. ತಿಕ್ಕಿದ ನಾಣ್ಯ ಸಂಗ್ರಾಹಕರಿಗೆ ಬೇಡವಂತೆ. ಉಳಿದ 24ನ್ನು ಹಾಗೇ ಕಾಗದದ ಲಕೋಟೆಗೆ ಹಾಕಿಟ್ಟೆ.

ಗುರುತು ಹಿಡಿಯುವುದು ನಾನೆಣಿಸಿದಷ್ಟು ಕಷ್ಟವಿರಲಿಲ್ಲ. ನಮ್ಮ ತೂತು ಕಾಸಿನಂತೆ ನಡುವೆ ತೂತಿದ್ದು, ಇಂಗ್ಲಿಷ್, ಅರಬ್ಬಿ, ಹೀಬ್ರೂ ಮೂರೂ ಲಿಪಿ ಇದ್ದರೆ ಅದು ಬ್ರಿಟಿಷರ ಕಾಲದ ಪ್ಯಾಲೆಸ್ಟೈನ್‌ನ ಮಿಲ್. ಸಾವಿರ ಮಿಲ್‌ಗೆ ಒಂದು ಪೌಂಡ್. ನಮ್ಮಲ್ಲಿರುವುದು 1942ರ ಕಂಚಿನವು, ಸಾಮಾನ್ಯ. ಇಸವಿ 1947 ಆಗಿದ್ದರೆ ಕತೆಯೇ ಬೇರೆ, ಆ ವರ್ಷದವನ್ನು ಬಹುತೇಕ ಕರಗಿಸಿಬಿಟ್ಟರು. ಬೆಳ್ಳಿಯ 100 ಮಿಲ್ ಒಂದಿದೆ, 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ನಮ್ಮೂರಿನ ಆಭರಣದಂಗಡಿಯವರು ಅದನ್ನು ತಕ್ಕಡಿಗೆ ಹಾಕಿ ಕರಗಿಸುವ ಲೆಕ್ಕದಲ್ಲೇ ಬೆಲೆ ಕಟ್ಟಿದರು. ಕೊಡಲಿಲ್ಲ.

ಇಟಲಿಯ ಉಕ್ಕಿನ ನಾಣ್ಯದಲ್ಲಿ 1940ರ ಪಕ್ಕ ರೋಮನ್ ಅಂಕಿಯಲ್ಲಿ 18 ಎಂದಿದೆ. ಅದು ಮುಸೊಲಿನಿಯ ಆಡಳಿತದ ಹದಿನೆಂಟನೇ ವರ್ಷ. ಅಯಸ್ಕಾಂತ ಹಿಡಿದು ನೋಡಬೇಕು, ಅಂಟುವ ಬಗೆ ಬೇರೆ, ಅಂಟದ ಬಗೆ ಬೇರೆ.

ನನ್ನನ್ನು ಹೆಚ್ಚು ಕಾಡಿದ್ದು ಈಜಿಪ್ಟಿನ ಆರು ಮೂಲೆಯ ಬೆಳ್ಳಿ ನಾಣ್ಯ. ಅರಬ್ಬಿ ಅಂಕಿಗಳಲ್ಲಿ ಐದು ನಮ್ಮ ಕನ್ನಡದ ಸೊನ್ನೆಯ ಹಾಗೆ, ಸೊನ್ನೆ ಬರೀ ಚುಕ್ಕಿ. ಇಷ್ಟು ಕಲಿತರೆ ಅರ್ಧ ಕೆಲಸ ಆದಂತೆ. ಅದರಲ್ಲಿದ್ದದ್ದು ಮುಸ್ಲಿಂ ಪಂಚಾಂಗದ ಹಿಜರಿ ಇಸವಿ 1363, ಪಕ್ಕದಲ್ಲೇ ನಮ್ಮ 1944. ಹಿಜರಿ ಇಸವಿ ಮಾತ್ರ ಇದ್ದರೆ 0.97ರಿಂದ ಗುಣಿಸಿ 622 ಕೂಡಿಸಿ, ಹೆಚ್ಚುಕಡಿಮೆ ನಮ್ಮ ಇಸವಿ ಸಿಗುತ್ತದೆ. ಆದರೆ ಅಪ್ಪನ ಡಿವಿಷನ್ 1943ರ ಸೆಪ್ಟೆಂಬರ್‌ನಲ್ಲೇ ಇಟಲಿಯ ತಾರಾಂತೊದಲ್ಲಿ ಇಳಿದಿತ್ತು. ಹಾಗಾದರೆ ಈ ನಾಣ್ಯ ವಾಪಸ್ ಬರುವಾಗ ಸಿಕ್ಕಿದ್ದಿರಬೇಕು. ಊರಿಗೆ ಹೊರಟ ಅಪ್ಪ ಈಜಿಪ್ಟಿನಲ್ಲಿ ಏನೋ ಕೊಂಡು ಚಿಲ್ಲರೆ ಜೇಬಿಗೆ ಹಾಕಿಕೊಂಡಿದ್ದಾರೆ. ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಮಣಿಸರ ಅಲ್ಲಿಯದೇ ಇರಬಹುದೇ ಎಂದು ಈಗ ಅನುಮಾನ.

ಇನ್ನೊಂದು ಎಚ್ಚರಿಕೆ. ನನ್ನ ತಮ್ಮನ ಮಗ ಫೋಟೋಗಳನ್ನು ಫೋನಿನಲ್ಲಿ ಎಲ್ಲೋ ಹಾಕಿದ. ಒಂದೇ ಗಂಟೆಯಲ್ಲಿ ಕರೆ ಬಂತು: ಒಂದಕ್ಕೆ ಎರಡು ಲಕ್ಷ, ಮೊದಲು ನೋಂದಣಿಗೆ 1,800 ರೂಪಾಯಿ ಕಳುಹಿಸಿ, ರಿಸರ್ವ್ ಬ್ಯಾಂಕ್ ಒಪ್ಪಿಗೆಗೆ ಅಂತ. ಹಳೆಯ ನಾಣ್ಯ ನೋಟುಗಳ ವ್ಯವಹಾರದಲ್ಲಿ ತಾನಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಪ್ರಕಟಣೆ ಕೊಟ್ಟಿದೆ. ಪುಣ್ಯಕ್ಕೆ ಹುಡುಗನ ಖಾತೆಯಲ್ಲಿ ಅಷ್ಟು ದುಡ್ಡಿರಲಿಲ್ಲ.

ನನ್ನ ಕೋರಿಕೆ ಇಷ್ಟೇ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ 'ಸನ್ನಿಸೈಡ್' ಈಗ ವಸ್ತುಸಂಗ್ರಹಾಲಯವಾಗಿದೆ. ವರ್ಷಕ್ಕೊಂದು ದಿನ ಅಲ್ಲಿ ನಾಣ್ಯ ಬಲ್ಲವರನ್ನು ಕೂರಿಸಿ, ಮಾಜಿ ಸೈನಿಕರ ಮನೆಯವರು ತಂದದ್ದನ್ನು ನೋಡಿ, ತೂಗಿ, ಯಾವ ನಾಡಿನದು ಎಂದು ಬರೆದುಕೊಡಲಿ. ಬೆಲೆ ಹೇಳದಿದ್ದರೂ ಸರಿ. ನಾನು ನನ್ನ ಡಬ್ಬಿಯನ್ನು, ತಿಕ್ಕಿ ಕೆಡಿಸಿದ ಮೂರರ ಸಮೇತ, ತರುತ್ತೇನೆ.

— ನಿವೃತ್ತ ಶಿಕ್ಷಕಿ, ಸೋಮವಾರಪೇಟೆ